ಅಜ್ಜಾರ ಪದ, ಪುಟ್ಟ ಲ್ಯಾಪ್‌ಟಾಪು

ಹೊಳೆದಂಡೆಯ ಮಠವೊಂದರಲ್ಲಿ ಅಡವಯ್ಯಜ್ಜ ಎಂಬ ಗುರುಗಳಿದ್ದರು. ಅವರಿಗೆ ಬರುತ್ತಿದ್ದ ತತ್ವಪದಗಳ ಧಾಟಿ ಬೇರೆ ಯಾರಿಗೂ ಬರುತ್ತಿರಲಿಲ್ಲ. ವಯಸ್ಸಾಗಿ ದನಿ ಕೈಕೊಡತೊಡಗಿತ್ತು.

ಶಿಷ್ಯ ಚನ್ನವೀರನಿಗೆ ಅದೇ ಚಿಂತೆ. ದಿನಾ ಬೆಳಗ್ಗೆ ಪುಟ್ಟ ಲ್ಯಾಪ್‌ಟಾಪು ಮುಂದಿಟ್ಟುಕೊಂಡು ಅಜ್ಜಾರು ಹಾಡಿದ್ದನ್ನೆಲ್ಲ ರೆಕಾರ್ಡ್ ಮಾಡುತ್ತಿದ್ದ.

ಒಂದು ದಿನ ಅಜ್ಜಾರು ಯಾರ ಮುಂದೂ ಹಾಡದ ಪದವೊಂದನ್ನು ಎತ್ತಿಕೊಂಡರು. ಎರಡನೇ ನುಡಿಗೆ ಬರುವಷ್ಟರಲ್ಲಿ ಲ್ಯಾಪ್‌ಟಾಪು ಜಾಗವಿಲ್ಲವೆಂದು ನಿಂತುಬಿಟ್ಟಿತು.

“ತಡೀರಿ ಅಜ್ಜಾರ!” ಚನ್ನವೀರ ಕೈ ಅಡ್ಡ ಹಿಡಿದ.

“ಏನಾತಪಾ?”

“ಇದರ ಹೊಟ್ಟಿ ತುಂಬೇತ್ರಿ.”

“ಏನ ತಿಂದೈತಿ?”

“ಎಲ್ಲಾ ನಿಮ್ಮ ಪದಾನರಿ. ನೀವು ಹಾಡೂಮುಂದ ಇದು ಮೊದಲ ಒಂದು ತಾತ್ಪೂರ್ತಿಕ ಫೈಲಿನ್ಯಾಗ ಹಿಡಕೊಂತೈತ್ರಿ. ಆಮ್ಯಾಲೆ ನಾ ಅದನ್ನ ಸ್ವಚ್ಛ ಮಾಡಿ ಬ್ಯಾರೆ ಇಡತೀನಿ. ಮೊದಲಿನವೂ ಹಂಗ ಉಳದಾವ್ರಿ.”

“ಅವನ್ನ ಅಳಸಬೇಕಲ್ಲ?”

“ಅಳಸಬೇಕ್ರಿ. ಸ್ವಚ್ಛ ಮಾಡಿದ್ದು ಕೆಟ್ಟರ ಅಂತ ಇಟ್ಟೀನಿ.”

“ಅದೂ ಕೆಟ್ಟರ?”

“ಪೆನ್‌ಡ್ರೈವಿನ್ಯಾಗೂ ಒಂದೊಂದು ಅದಾವ್ರಿ.”

ಅಜ್ಜಾರು ನಕ್ಕರು. ಅತಿಯಾಸೆ ಗತಿಗೇಡು ಎನ್ನುತ್ತಾರೆ. ಚನ್ನವೀರನದು ಆಸೆಯೂ ಅಲ್ಲ, ಬರೀ ಹೆದರಿಕೆ. ಗತಿಗೆಡಲು ಅದೂ ಸಾಕು.

“ಇವುಗಳಾಗ ನಿನಗ ಭಾಳ ಸೇರಿದ್ದು ಯಾವುದು?”

ಚನ್ನವೀರ ತಡಮಾಡದೆ ಹೇಳಿದ, “ಮೊದಲನೇ ದಿನ ಹಾಡಿದ್ದು.”

“ಹಾಡು.”

ಒಂದು ನುಡಿಯೂ ತಪ್ಪದಂತೆ ಹಾಡಿದ.

“ಅದನ್ನ ಅಳಸು. ಪೆನ್‌ಡ್ರೈವಿನ್ಯಾಗಿಂದೂ.”

“ಅಜ್ಜಾರ! ಅದನ್ನ್ಯಾಕ್ರಿ? ಉಳಿದವುಗಳ ತಾತ್ಪೂರ್ತಿಕ ಫೈಲು ಅಳಸತೀನಿ.”

“ಉಳಿದವು ನಿನಗ ಬರತಾವೇನು?”

“ಇಲ್ರಿ.”

“ಪಾಪ, ಅವಕ್ಕ ಬ್ಯಾರೆ ಮನಿ ಇಲ್ಲ. ಇರಲಿ ಬಿಡು.”

ಚನ್ನವೀರ ಅಳಿಸಿದ. ಕಣ್ಣು ತುಂಬಿ ಪರದೆಯ ಮೇಲಿನ ಅಕ್ಷರ ಕಾಣಿಸಲಿಲ್ಲ. ಗುರುಗಳ ಮೇಲೆ ಸಿಟ್ಟೂ ಬಂದಿತ್ತು.

“ಜಾಗ ಆತ್ರಿ,” ಎಂದ ಗಂಟುಮುಖದಲ್ಲೇ.

ಅಜ್ಜಾರು ನಿಂತ ಪದವನ್ನು ಮತ್ತೆ ಮೊದಲಿನಿಂದ ಎತ್ತಿಕೊಂಡರು. ದನಿ ತೀರಾ ಸಣ್ಣಗಾಗಿತ್ತು. ಸರಿಯಾಗಿ ಕೇಳಿಸಲೆಂದು ಚನ್ನವೀರ ಲ್ಯಾಪ್‌ಟಾಪನ್ನು ಬದಿಗೆ ಸರಿಸಿ ಅವರ ಮಗ್ಗುಲಿಗೇ ಹೋಗಿ ಕೂತ. ಅಜ್ಜಾರು ಒಂದೊಂದು ನುಡಿಯನ್ನೂ ತಿರುತಿರುಗಿ ಹಾಡಿದರು. ಅವನ ತುಟಿಯೂ ಜೊತೆಗೂಡಿ ಆಡುತ್ತಿತ್ತು.

ಪದ ಮುಗಿಯಿತು. ಅಜ್ಜಾರಿಗೆ ಕೆಮ್ಮು ಹತ್ತಿತು. ಇನ್ನೊಮ್ಮೆ ಹಾಡುವ ಶಕ್ತಿ ಅವರಲ್ಲಿ ಇರಲಿಲ್ಲ.

ಚನ್ನವೀರ ಲ್ಯಾಪ್‌ಟಾಪಿನ ಕಡೆ ನೋಡಿದವನೇ ತಲೆ ಮೇಲೆ ಕೈ ಹೊತ್ತ.

“ಅಜ್ಜಾರ, ಕೆಟ್ಟೆ! ರೆಕಾರ್ಡಿನ ಗುಂಡೀನ ಒತ್ತಿಲ್ರಿ!”

“ಹಾಡಿ ತೋರಸು.”

ಅವನು ಅಳುತ್ತಲೇ ಶುರುಮಾಡಿದ. ಮೂರನೇ ನುಡಿಯಲ್ಲಿ ಒಮ್ಮೆ ತಡವರಿಸಿ, ತಾನೇ ಸರಿಮಾಡಿಕೊಂಡ. ಕೊನೆಯ ನುಡಿಯವರೆಗೂ ಬಂದ.

ಅಜ್ಜಾರು ಪೂರ್ತಿ ಕೇಳಿ, ಗೋಡೆಗೆ ಒರಗಿದರು.

“ಚಲೋ ಆತು ಬಿಡು. ಅಳಸೂ ಕೆಲಸ ತಪ್ಪಿತು.”