ಹುಳ ಕೊರೆದ ಗುಹೆ

ಯಾರ್ ಹತ್ರನೂ ಬಾಯಿ ಬಿಡಲ್ಲ ಅಂತ ಆಣೆ ಹಾಕು, ಆಮೇಲೆ ಹೇಳ್ತೀನಿ. ಪಕ್ಕದ್ಮನೆ ಶ್ರೀಪಾದನ ಬೀರುನಲ್ಲಿ ಹೊಸ ಆಟದ ಪುಸ್ತಕ ಇದ್ಯಲ್ಲ, ಗಟ್ಟಿ ರಟ್ಟು, ಚಿನ್ನದ ಅಕ್ಷರ, ಅದಕ್ಕೆ ಒಂದೇ ಸಮ ಹೊಟ್ಟೆ ಉರಿ. ಯಾಕಂದ್ರೆ ಅವನು ದಿನಾ ತೆಗೆದು ನೋಡ್ತಿದ್ದಿದ್ದು ಮಾಂತ್ರಿಕ, ರಾಕ್ಷಸ ಅಂತ ಪಾತ್ರ ಹಿಡ್ಕೊಂಡು ದಾಳ ಹಾಕೋ ಆಟದ ಮೂವತ್ತು ವರ್ಷದ ಹಳೇ ಪತ್ರಿಕೇನ.

"ಪಿನ್ನು ತುಕ್ಕು ಹಿಡಿದ ಮುದುಕಿ! ಅವಳಲ್ಲೇನಿದೆ?" ಅಂತ ಉರ್ಕೊಂಡು ಪುಸ್ತಕ, ಕಾಗದ ತಿನ್ನೋ ಹುಳನ ಕರೀತು. "ಹುಳಪ್ಪಾ, ಅವಳ ನಡುಹಾಳೆಲಿರೋ ಆಟದ ನಕ್ಷೆ ಸ್ವಲ್ಪ ರುಚಿ ನೋಡು."

"ನೀವು ಹೇಳಿದ್ಮೇಲೆ ಮುಗೀತಕ್ಕಾ," ಅಂತ ಹುಳ ನಕ್ಷೆಯ ಬೆಟ್ಟಕ್ಕೇ ತೂತು ಹಾಕ್ತು.

ಬೆಳಿಗ್ಗೆ ಶ್ರೀಪಾದ ತೂತು ನೋಡ್ದ. ಈಗ ರದ್ದಿಗೆ ಎಸೀತಾನೆ ಅಂತ ಪುಸ್ತಕ ಕಾಯ್ತಾ ಕೂತಿತ್ತು. ಅವನೋ, ಹಳೇ ಗೆಳೆಯನಿಗೆ ಫೋನ್ ಮಾಡ್ದ. "ಲೋ ಸದಾನಂದ, ನಮ್ಮ ಬೆಟ್ಟದಲ್ಲಿ ಹೊಸ ಗುಹೆ ಹುಟ್ಟಿದೆ ಕಣೋ! ಎಲ್ರೂ ಬನ್ನಿ, ಒಳಗೇನಿದೆ ನೋಡಣ!"

ಗೆಳೆಯರು ಬಂದ್ರು. ನಕ್ಷೆ ಮಡಚ್ಕೋಬಾರ್ದು ಅಂತ ಅದರ ಅಂಚಿಗೆ ಭಾರ ಇಟ್ಟಿದ್ದು ಯಾರನ್ನ? ಇದೇ ಹೊಸ ಪುಸ್ತಕನ! ಅದು ಮೆಲ್ಲಗೆ ಹುಳನ ಕೇಳ್ತಂತೆ: "ಹುಳಪ್ಪಾ, ನಂಗೂ ಒಂದು ತೂತು ಹಾಕ್ತೀಯಾ?"

ಶ್! ಬಾಗ್ಲು ತಟ್ಟಿದ್ರು. ಶ್ರೀಪಾದನೇ, ಕಾಫಿಗೆ ಸಕ್ಕರೆ ಕೇಳಕ್ಕೆ ಬಂದಿರ್ಬೇಕು.