ಕಪಿಲೆಯ ದಂಡೆಯಲ್ಲಿ ಅರ್ಧ ಸಾಲು

ಕಪಿಲಾ ನದಿಯ ದಂಡೆಯಲ್ಲಿದ್ದ ಆ ಪುಟ್ಟ ಆಶ್ರಮವನ್ನು ಬಲ್ಲವರು ಇಂದಿಗೂ ಅಲ್ಲಿನ ಸಂಜೆಗಳನ್ನು ನೆನೆಯುತ್ತಾರೆ.

ದೀಪ ಹಚ್ಚುವ ಹೊತ್ತಿಗೆ ಎಲ್ಲರೂ ಒಂದೇ ಜಮಖಾನದ ಮೇಲೆ ಭುಜಕ್ಕೆ ಭುಜ ತಾಗಿಸಿ ಕೂರುತ್ತಿದ್ದರು. ಹುರಿಗಡಲೆಯ ಬಟ್ಟಲು ಕೈಯಿಂದ ಕೈಗೆ ಸಾಗುತ್ತಿತ್ತು. ಆಮೇಲೆ ತತ್ವಪದಗಳು.

ಗುರು ಮುಕ್ತಾಂಬೆಯವರು ಶಿಸ್ತಿನ ಹೆಂಗಸು. ಬೆನ್ನು ಬಾಗಿಸಿ ಕೂತವರನ್ನು, ಅಕ್ಷರ ನುಂಗಿ ಹಾಡುವವರನ್ನು ಅವರು ಸಹಿಸುತ್ತಿರಲಿಲ್ಲ.

ಪದವನ್ನು ಮೊದಲು ಎತ್ತುತ್ತಿದ್ದವಳು ನೀಲಾಂಬಿಕೆ. ಹತ್ತೊಂಬತ್ತು ವರ್ಷದ ಶಿಷ್ಯೆ. ಹುಟ್ಟಿನಿಂದಲೇ ಅವಳ ಶ್ವಾಸಕೋಶ ಸರಿಯಿರಲಿಲ್ಲ. ಕೆಮ್ಮು ಅವಳ ಜೊತೆಯಲ್ಲೇ ಬೆಳೆದಿತ್ತು. ಯಾರೂ ಅದನ್ನು ಗಮನಿಸುತ್ತಿರಲಿಲ್ಲ.

ಆಗ ಸೋಂಕಿನ ಕಾಲ ಬಂತು.

"ಈ ಹುಡುಗಿಯನ್ನು ಯಾರ ಜೊತೆಗೂ ಕೂರಿಸಬೇಡಿ," ಎಂದರು ಡಾಕ್ಟರು. "ಇವಳಿಗೆ ಸೋಂಕು ತಗುಲಿದರೆ ಕಷ್ಟ."

ನೀಲಾಗೆ ಅಂಗಳದಾಚೆಯ ಕೋಣೆ ಕೊಟ್ಟರು. ಊಟ ಹೊಸ್ತಿಲಿನವರೆಗೆ ಬರುತ್ತಿತ್ತು. ಎಲ್ಲರೂ ಮಾಸ್ಕ್ ಹಾಕಿಕೊಂಡರು. ಜಮಖಾನ ಸುತ್ತಿ ಅಟ್ಟಕ್ಕೆ ಹೋಯಿತು.

ಒಂದು ದಿನ ಅವಳು ಕಿಟಕಿಯ ಬಳಿ ಕೆಮ್ಮಿದಾಗ, ನದಿಗೆ ಹೊರಟಿದ್ದವರು ನಿಂತರು, ಅವಳ ಕಡೆ ನೋಡಿದರು, ಬೇರೆ ದಾರಿ ಹಿಡಿದರು.

ಅಂದಿನಿಂದ ಅವಳು ದಿಂಬಿಗೆ ಮುಖ ಒತ್ತಿ ಕೆಮ್ಮತೊಡಗಿದಳು. ಕಿಟಕಿ ಮುಚ್ಚಿದಳು. ಹಾಡು ನಿಂತಿತು.

ಮುಕ್ತಾಂಬೆ ಪ್ರತಿದಿನ ಬೆಳಿಗ್ಗೆ ಅಂಗಳದಿಂದ ಕೇಳುತ್ತಿದ್ದರು. "ಹೇಗಿದ್ದೀಯ?"

"ಚೆನ್ನಾಗಿದ್ದೇನೆ, ಅಮ್ಮಾ."

ಒಂದು ಬೆಳಿಗ್ಗೆ ಅಡುಗೆಯ ಪುಟ್ಟವೀರಮ್ಮ ನೀಲಾಳ ತಟ್ಟೆ ತಂದು ಗುರುವಿನ ಮುಂದೆ ಹಿಡಿದಳು.

"ಚೆನ್ನಾಗವ್ಳಂತೆ! ಮುದ್ದೆ ಇಟ್ಟಂಗೇ ಅದೆ. ಬೆಕ್ಕೂ ಮೂಸದಂಗೆ ಒಣಗೈತೆ. ಡಾಕ್ಟ್ರು ಉಸ್ರಿಗೆ ಕೊಟ್ಟ ಆ ಪಂಪಿನ ಔಷ್ದಿನೂ ಎಳ್ಕೊಂಡಿಲ್ಲ. ಕಿಟಕೀಲಿ ಧೂಳ್ ಹಿಡ್ಕಂಡು ಕೂತದೆ."

ಮುಕ್ತಾಂಬೆ ಒಂದು ಕುರ್ಚಿಯನ್ನು ತಾವೇ ಎಳೆದು ತಂದು, ಅಂಗಳದ ನಡುವೆ ಹಾಕಿ ಕುಳಿತರು.

"ಕಿಟಕಿ ತೆಗೆ, ನೀಲಾ."

ಕಿಟಕಿ ತೆರೆಯಿತು.

"ದಿನವೂ ನಾನೇ ಕೇಳುತ್ತೇನೆ. ಇದು ಯಾವ ಮರ್ಯಾದೆ? ಇಂದು ನೀನು ಕೇಳು."

"ಹೇಗಿದ್ದೀರಿ, ಅಮ್ಮಾ?"

"ಚೆನ್ನಾಗಿಲ್ಲ."

ನೀಲಾ ಗಾಬರಿಯಾದಳು. ಗುರುವಿನ ಬಾಯಿಂದ ಆ ಮಾತನ್ನು ಅವಳು ಎಂದೂ ಕೇಳಿರಲಿಲ್ಲ.

"ನನಗೆ ಭಯ," ಎಂದರು ಮುಕ್ತಾಂಬೆ. "ಮಲಗಿದರೆ ಕಿವಿಯೆಲ್ಲ ನಿನ್ನ ಕೋಣೆಯ ಕಡೆಗೆ. ನೀನು ಕೆಮ್ಮಿದರೆ ಭಯವಾಗುತ್ತದೆ. ಕೆಮ್ಮದಿದ್ದರೆ ಇನ್ನೂ ಭಯವಾಗುತ್ತದೆ. ನಿದ್ದೆ ಇಲ್ಲ."

ನೀಲಾ ಕಿಟಕಿಯ ಸರಳು ಹಿಡಿದು ನಿಂತಳು.

"ನನ್ನ ಒಬ್ಬಳ ದೆಸೆಯಿಂದ ನೀವೆಲ್ಲ ಬಾಯಿಗೆ ಮಾಸ್ಕ್ ಕಟ್ಟಿಕೊಂಡು ದೂರ ದೂರ ಬಾಳಬೇಕು. ನಾನೇ ಇಲ್ಲದಿದ್ದರೆ ಮೊದಲಿನ ಹಾಗೆ ಒಟ್ಟಿಗೆ ಕೂತು ಹಾಡಬಹುದು. ಇರುವುದೇ ಬೇಡ ಎನಿಸುತ್ತದೆ, ಅಮ್ಮಾ. ದಿನವೂ ಎನಿಸುತ್ತದೆ."

ಪುಟ್ಟವೀರಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಮುಕ್ತಾಂಬೆ ಬುದ್ಧಿ ಹೇಳಲಿಲ್ಲ. "ಹೇಳಿದೆಯಲ್ಲ, ಒಳ್ಳೆಯದಾಯಿತು," ಎಂದು ಸೊಂಟದ ಚೀಲದಿಂದ ಫೋನು ತೆಗೆದರು.

"ಯಾರಿಗೆ, ಅಮ್ಮಾ?"

"ಡಾಕ್ಟರಿಗೆ. ಎದೆಗೆ ಒಬ್ಬರಿದ್ದಾರೆ. ಮನಸ್ಸಿಗೂ ಒಬ್ಬರು ಬೇಕು."

"ಮನಸ್ಸಿಗೆ ನೀವಿದ್ದೀರಲ್ಲ?"

"ನಿನ್ನ ಕಾಲು ಮುರಿದರೆ ನಾನು ಪದ ಹಾಡಿ ಕೂಡಿಸುತ್ತೇನೆಯೇ? ತಲೆಹರಟೆ ಬೇಡ. ಔಷಧಿ ಎಳೆದುಕೊ. ಪುಟ್ಟವೀರಮ್ಮ ಬಿಸಿ ಗಂಜಿ ತರುತ್ತಾಳೆ. ಕುಡಿಯುವವರೆಗೆ ನಾನು ಇಲ್ಲಿಂದ ಏಳುವುದಿಲ್ಲ."

ನೀಲಾ ಗಂಜಿ ಕುಡಿದಳು. ಅಲ್ಲಿಯವರೆಗೆ ಬಿಸಿಲಿನಲ್ಲೇ ಕುಳಿತಿದ್ದ ಗುರು ಆಮೇಲೆ ಎದ್ದರು.

ಮಧ್ಯಾಹ್ನ ಹೊಸ ಡಾಕ್ಟರು ಫೋನಿನಲ್ಲಿ ಅವಳೊಡನೆ ಮಾತನಾಡಿದರು. ನೀಲಾ ಅತ್ತಳು, ಕೆಮ್ಮಿದಳು, ಮತ್ತೆ ಮಾತನಾಡಿದಳು. ವಾರಕ್ಕೊಮ್ಮೆ ಮಾತನಾಡುವುದೆಂದಾಯಿತು. ಡಾಕ್ಟರು ಸಾಕೆನ್ನುವವರೆಗೆ ಅವಳ ಕಿಟಕಿಯ ಎದುರಿನ ಜಗಲಿಯಲ್ಲಿ ಸದಾ ಒಬ್ಬರು ಇರುವುದೆಂದಾಯಿತು.

ಸಂಜೆ ಮುಕ್ತಾಂಬೆ ಎಲ್ಲರನ್ನೂ ಅಂಗಳಕ್ಕೆ ಕರೆದರು. ಒಬ್ಬೊಬ್ಬರಿಗೆ ಒಂದೊಂದು ಚಾಪೆ, ನಡುವೆ ಅಂತರ.

"ನೀಲಾ, ಪದ ಎತ್ತು."

"ಆಗದು, ಅಮ್ಮಾ. ಸಾಲು ಮುಗಿಸುವಷ್ಟು ಉಸಿರು ನನಗಿಲ್ಲ."

"ಮುಗಿಸು ಎಂದು ಯಾರು ಹೇಳಿದರು? ಎತ್ತು ಎಂದೆ. ಬೆನ್ನು ನೆಟ್ಟಗಿರಲಿ."

ನೀಲಾ ಹಾಡತೊಡಗಿದಳು. ಮೊದಲ ಸಾಲಿನ ಮೂರನೆಯ ಶಬ್ದಕ್ಕೇ ಉಸಿರು ಸೋತಿತು. ಕೆಮ್ಮು ಬಂತು. ಎದುರಿಗೆ ಅಷ್ಟು ಜನ. ಅವಳ ಕೈ ಕಿಟಕಿಯ ಬಾಗಿಲಿಗೆ ಹೋಯಿತು.

ಅಷ್ಟರಲ್ಲಿ, ಎಂದೂ ಹಾಡದ ಪುಟ್ಟವೀರಮ್ಮ ತನ್ನ ಒಡಕು ದನಿಯಲ್ಲಿ ನಾಲ್ಕನೆಯ ಶಬ್ದದಿಂದ ಸಾಲು ಹಿಡಿದಳು. ಶ್ರುತಿ ಎಲ್ಲೋ ಹೋಯಿತು. ಹಿಂದೆ ಕುಳಿತ ಯಾರೋ ಕಿಸಕ್ಕೆಂದರು.

"ನಗ್ರಪ್ಪಾ, ನಗ್ರಿ. ನಿಮ್ಮ ಗಂಟ್ಲೇನು ಕೋಗಿಲೇದಾ? ನೀವೂ ಬಾಯ್ ಬಿಡಿ!"

ಉಳಿದವರೂ ಸೇರಿದರು. ಸಾಲು ಮುಗಿಯಿತು.

ನೀಲಾ ಉಸಿರು ಎಳೆದುಕೊಂಡು ಮುಂದಿನ ಸಾಲು ಎತ್ತಿದಳು. ಎರಡನೆಯ ಶಬ್ದಕ್ಕೆ ನಿಂತಳು. ಅವರು ಅಲ್ಲಿಂದ ಹಿಡಿದರು. ಒಮ್ಮೆ ಸಾಲಿನ ನಡುವೆ, ಒಮ್ಮೆ ಕೊನೆಯ ಅಕ್ಷರದ ಹತ್ತಿರ, ಅವಳು ಬಿಟ್ಟಲ್ಲಿಂದ. ಯಾರ ಕಣ್ಣೂ ಅತ್ತಿತ್ತ ಹೋಗಲಿಲ್ಲ. ಎಲ್ಲರೂ ಅವಳ ಉಸಿರಿಗೇ ಕಿವಿಯಾಗಿದ್ದರು.

ಪದ ಮುಗಿದಾಗ ಹೊಳೆಯ ಮೇಲೆ ಕತ್ತಲಾಗುತ್ತಿತ್ತು.

"ಅಮ್ಮಾ," ಎಂದಳು ನೀಲಾ, "ಒಂದು ಸಾಲನ್ನೂ ನಾನು ಪೂರ್ತಿ ಹಾಡಲಿಲ್ಲ."

ಮುಕ್ತಾಂಬೆ ತಮ್ಮ ಚಾಪೆಯನ್ನು ಸುತ್ತುತ್ತ ಹೇಳಿದರು.

"ನೀನೇ ಪೂರ್ತಿ ಹಾಡಿಬಿಟ್ಟರೆ, ನಾವೆಲ್ಲ ಯಾಕೆ ಬಂದು ಕೂರಬೇಕು?"