ಬೇಕರಿಯವನ ಕಾಗದ

ತುಂಗಭದ್ರೆಯ ದಡದ ಆಶ್ರಮದಲ್ಲಿ ಮರುಳಾರಾಧ್ಯರೆಂಬ ಗುರುಗಳಿದ್ದರು. ಯೌವನದಲ್ಲಿ ಹಡಗಿನ ಅಡುಗೆಮನೆಯಲ್ಲಿ ದುಡಿದು, ಜೊತೆಗಿದ್ದ ಇಟಲಿಯವರಿಂದ ಅವರ ಭಾಷೆ ಕಲಿತಿದ್ದರು. ಈಗ ಕಣ್ಣು ಮಂದ. ಓದುವುದು, ಬರೆಯುವುದು ಅವರಿಂದಲೇ ಆ ಭಾಷೆ ಕಲಿತ ಶಿಷ್ಯ ವಾಮದೇವನ ಪಾಲಿಗೆ ಬಂದಿತ್ತು.

ವಾಮದೇವ ಆರು ವರ್ಷ ಕೂತು ಒಂದು ಪುಸ್ತಕ ತುಂಬಿಸಿದ್ದ. ಎಡಗಡೆ ಇಂಗ್ಲಿಷ್ ಪದ, ಬಲಗಡೆ ಇಟಾಲಿಯನ್ ಪದ.

“ಮೂರು ಸಾವಿರ ದಾಟಿತು, ಗುರುಗಳೇ. ದಿನಬಳಕೆಯ ಇಂಗ್ಲಿಷ್ ಪದ ಯಾವುದೇ ಇರಲಿ, ಇದರಲ್ಲಿ ಸಿಗುತ್ತದೆ.”

“ಒಂದಕ್ಕೆ ಒಂದೇ ಬರೆದಿದ್ದೀಯಾ?”

“ಎರಡೆರಡು ಬರೆದರೆ ಓದುವವರಿಗೆ ಗೊಂದಲ.”

ಗುರುಗಳು ಪುಸ್ತಕದ ಮೇಲೆ ಕೈಯಾಡಿಸಿ ಅವನಿಗೇ ಮರಳಿಸಿದರು.

ಆ ಚಳಿಗಾಲ ಆಶ್ರಮದಲ್ಲಿ ತೆರೇಸಾ ಎಂಬ ಇಟಲಿಯ ಮುದುಕಿ ಉಳಿದಿದ್ದಳು. ಒಂದು ಬೆಳಿಗ್ಗೆ ಅವಳಿಗೆ ಇಂಗ್ಲೆಂಡಿನಿಂದ ಕಾಗದ ಬಂತು. ಅವಳಿಗೆ ಇಂಗ್ಲಿಷ್ ಬಾರದು. ವಾಮದೇವ ಓದಿ ಹೇಳಲು ಕುಳಿತ.

ಬರೆದವನು ಅವಳ ತಮ್ಮ ಕೆಲಸಕ್ಕಿದ್ದ ಬೇಕರಿಯ ಯಜಮಾನ. ಮೊದಲ ಮಾತೇ ‘ಐ ಆ್ಯಮ್ ಸಾರಿ’. ವಾಮದೇವ ತಡವರಿಸಲಿಲ್ಲ. “ಕ್ಯೇದೊ ಪೆರ್ದೋನೊ” ಎಂದ. ಕ್ಷಮೆ ಬೇಡುತ್ತೇನೆ ಎಂದು ಅರ್ಥ. ಆಮೇಲಿನ ಸಾಲು: ನಿಮ್ಮ ತಮ್ಮ ಭಾನುವಾರ ತೀರಿಕೊಂಡರು.

ತೆರೇಸಾ ಅಳಲಿಲ್ಲ. ಅವಳ ಮುಖ ಬಿಳಿಚಿತು.

“ಯಾಕೆ ಕ್ಷಮೆ ಬೇಡುತ್ತಾನೆ? ಅವನು ನನ್ನ ತಮ್ಮನಿಗೆ ಏನು ಮಾಡಿದ?”

ವಾಮದೇವ ಹೊಳೆಗೆ ಓಡಿದ. ಗುರುಗಳು ಬಟ್ಟೆ ಒಗೆಯುತ್ತಿದ್ದರು. ನಡೆದದ್ದನ್ನೆಲ್ಲ ಹೇಳಿದ.

“ನನ್ನ ತಾಯಿ ಹೋದ ದಿನ ನನಗೆ ಏನು ಹೇಳಿದೆ, ನೆನಪಿದೆಯಾ?” ಎಂದು ಗುರುಗಳು ಕೇಳಿದರು.

“ನಿಮ್ಮ ಪಕ್ಕ ಕೂತೆ. ತುಂಬಾ ಸಂಕಟವಾಗುತ್ತಿದೆ ಎಂದೆ.”

“ಕ್ಷಮೆ ಕೇಳಿದೆಯಾ?”

“ಇಲ್ಲ. ನಾನೇನು ತಪ್ಪು ಮಾಡಿದ್ದೆ?”

ಗುರುಗಳು ಬಟ್ಟೆ ಹಿಂಡತೊಡಗಿದರು.

‘ಸಾರಿ’ ಎಂದರೆ ಕ್ಷಮೆಯಷ್ಟೇ ಅಲ್ಲ, ಸಂಕಟವೂ ಹೌದು ಎಂದು ವಾಮದೇವನಿಗೆ ಆಗ ಹೊಳೆಯಿತು. ಬಂದ ದಾರಿಯಲ್ಲೇ ತಿರುಗಿ ಓಡಿದ.

ತೆರೇಸಾಳ ಎದುರು ನೆಲದ ಮೇಲೆ ಕುಳಿತ. “ಮಿ ದಿಸ್ಪ್ಯಾಚೆ,” ಎಂದ. ನನಗೆ ನೋವಾಗಿದೆ. “ಅವರು ಬರೆದದ್ದು ಇಷ್ಟೇ, ಅಮ್ಮ. ನಿಮ್ಮ ತಮ್ಮನಿಗೆ ಯಾರೂ ಏನೂ ಮಾಡಿಲ್ಲ. ನಿದ್ದೆಯಲ್ಲೇ ಹೋದರಂತೆ. ಹಿಂದಿನ ಸಂಜೆ ನಿಮ್ಮ ಮಾತನ್ನೇ ಆಡುತ್ತಿದ್ದರಂತೆ.”

ಆಮೇಲೆ ತಲೆ ತಗ್ಗಿಸಿದ. “ಕ್ಯೇದೊ ಪೆರ್ದೋನೊ. ಈ ಮಾತು ಅವರದಲ್ಲ, ನನ್ನದು. ತಪ್ಪಾಗಿ ಓದಿದವನು ನಾನು.”

ಆಗ ತೆರೇಸಾ ಅತ್ತಳು. ಬಹಳ ಹೊತ್ತು ಅತ್ತಳು. ವಾಮದೇವ ಎದ್ದು ಹೋಗಲಿಲ್ಲ.

ಮರುದಿನ ಅವಳು ಗುರುಗಳ ಬಳಿಗೆ ಬಂದಳು.

“ಬೇಕರಿಯವನಿಗೆ ಉತ್ತರ ಬರೆಸಬೇಕು. ನನ್ನ ತಮ್ಮನ ಬಗ್ಗೆ ಹೇಳುವುದು ತುಂಬಾ ಇದೆ. ನಿಮ್ಮ ಶಿಷ್ಯರಲ್ಲಿ ಇಂಗ್ಲಿಷ್ ಚೆನ್ನಾಗಿ ಬಲ್ಲವರು ಯಾರು?”

“ವಾಮದೇವ.”

ಬಾಗಿಲ ಬಳಿ ನಿಂತಿದ್ದ ವಾಮದೇವ ಹಿಂದೆ ಸರಿದ. “ಬೇಡ, ಗುರುಗಳೇ. ಈ ತಾಯಿಗೆ ನಿನ್ನೆ ಏನು ಮಾಡಿದೆ ಎಂದು ನಿಮಗೇ ಗೊತ್ತು.”

ಗುರುಗಳು ಅವನ ಹೆಗಲ ಮೇಲೆ ಕೈಯಿಟ್ಟು ಅವಳ ಮುಂದಕ್ಕೆ ತಂದು ನಿಲ್ಲಿಸಿದರು. ಅವರ ಬೆನ್ನು ಎಂದಿಗಿಂತ ನೆಟ್ಟಗಿತ್ತು.

“ಮೊನ್ನೆ ಕೇಳಿದ್ದರೆ ಇವನ ಹೆಸರು ಹೇಳುತ್ತಿರಲಿಲ್ಲ, ತಾಯಿ.”